‘ಇಲ್ಲ’ ಎಂದವರಿಗೆ ನಷ್ಟವಿಲ್ಲ

ಪ್ರಾಚೀನ ಸ್ಮಾರಕಗಳ ಸಂರಕ್ಷಣೆಗೆಂದು ಸಂಸತ್ತು 1958ರಲ್ಲಿ ಮಾಡಿದ ಕಾಯ್ದೆಯ 18ನೇ ಸೆಕ್ಷನ್ ಒಂದೇ ವಾಕ್ಯದ್ದು. ನಿಯಮಗಳಿಗೆ ಒಳಪಟ್ಟು, ಯಾವುದೇ ಸಂರಕ್ಷಿತ ಸ್ಮಾರಕವನ್ನು ಪ್ರವೇಶಿಸುವ ಹಕ್ಕು ಸಾರ್ವಜನಿಕರಿಗೆ ಇರುತ್ತದೆ ಎಂದು ಅದು ಹೇಳುತ್ತದೆ. ಮರುವರ್ಷ ಬಂದ ನಿಯಮಗಳು ಹೊತ್ತನ್ನೂ ಗೊತ್ತುಮಾಡಿದವು. ಬೇರೆ ವೇಳೆ ನಮೂದಾಗಿರುವ ಕೆಲವು ಸ್ಮಾರಕಗಳನ್ನು ಬಿಟ್ಟರೆ ಉಳಿದವೆಲ್ಲ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತೆರೆದಿರಬೇಕು.

ಕಾಗದದ ಮೇಲೆ ಇಷ್ಟು ಸ್ಪಷ್ಟವಾಗಿದ್ದರೂ, ರಜೆ ಬಂದರೆ ಹಳೆಯ ಗುಡಿ, ಕೋಟೆ, ವೀರಗಲ್ಲು ಹುಡುಕಿಕೊಂಡು ಹೊರಡುವ ಯಾರನ್ನೇ ಕೇಳಿ, ಮೊದಲು ಹೇಳುವುದು ಬೀಗದ ಕಥೆಯನ್ನೇ. ಬೀಗದ ಕೈ ಇಟ್ಟುಕೊಂಡವರು ಸಂತೆಗೆ ಹೋಗಿದ್ದಾರೆ. ಇವತ್ತು ಸಾಹೇಬರು ಬರುತ್ತಾರೆ, ಒಳಗೆ ಬಿಡಲಾಗದು. ಫೋಟೊ ತೆಗೆಯೋ ಹಂಗಿಲ್ಲ ಸಾರ್. ಹಳೆಯ ಕಡತ ಕೇಳಿಕೊಂಡು ಸರ್ಕಾರಿ ಕಚೇರಿಗೆ ಹೋದವರ ಕಥೆಯೂ ಇದೇ ಜಾತಿಯದು. ರೆಕಾರ್ಡ್ ರೂಮಿನ ಗುಮಾಸ್ತರು ರಜೆಯಲ್ಲಿದ್ದಾರೆ, ಯಾಕೆ ಬೇಕು, ಯಾರ ಪತ್ರ ತಂದಿದ್ದೀರಿ, ಮುಂದಿನ ವಾರ ಬನ್ನಿ.

ಇದಕ್ಕೆಲ್ಲ ಕಾವಲುಗಾರನ ಒರಟುತನವೋ ಗುಮಾಸ್ತರ ಸೋಮಾರಿತನವೋ ಕಾರಣ ಎಂದು ನಾವು ಬೈದುಕೊಂಡು ಮನೆಗೆ ಬರುತ್ತೇವೆ. ಆದರೆ ಹಂಪಿಯಿಂದ ದೆಹಲಿಯವರೆಗೆ ಎಲ್ಲ ಕಡೆಯೂ ಒಂದೇ ಉತ್ತರ ಸಿಗುತ್ತಿದ್ದರೆ ದೋಷ ವ್ಯಕ್ತಿಗಳ ಸ್ವಭಾವದಲ್ಲಿ ಇರಲಾರದು. ವ್ಯವಸ್ಥೆ ಯಾವುದಕ್ಕೆ ಶಿಕ್ಷಿಸುತ್ತದೆ, ಯಾವುದಕ್ಕೆ ಸುಮ್ಮನಿರುತ್ತದೆ ಎಂಬುದನ್ನು ನೋಡಿದರೆ ಈ ಉತ್ತರದ ಮೂಲ ಸಿಗುತ್ತದೆ.

ಫಲಕ ಏನು ಹೇಳುತ್ತದೆ?

ಮೊದಲು ಯಾವ ಸ್ಮಾರಕ ಯಾರದು ಎಂಬುದನ್ನು ತಿಳಿದುಕೊಳ್ಳೋಣ, ಏಕೆಂದರೆ ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ. ದೇಶದಲ್ಲಿ 3,600ಕ್ಕೂ ಹೆಚ್ಚು ಸ್ಮಾರಕಗಳು ಕೇಂದ್ರದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ (ಎಎಸ್‌ಐ) ರಕ್ಷಣೆಯಲ್ಲಿವೆ. ಅವುಗಳಲ್ಲಿ 500ಕ್ಕಿಂತ ಹೆಚ್ಚು ಕರ್ನಾಟಕದಲ್ಲೇ ಇವೆ. ಇನ್ನಷ್ಟು ಸ್ಮಾರಕಗಳು ರಾಜ್ಯದ 1961ರ ಕಾಯ್ದೆಯಡಿ ರಾಜ್ಯ ಪುರಾತತ್ತ್ವ ಇಲಾಖೆಗೆ ಸೇರಿವೆ. ಪೂಜೆ ನಡೆಯುವ ಅನೇಕ ಗುಡಿಗಳು ಮುಜರಾಯಿಗೆ ಸೇರಿದವು. ಬೇಲೂರಿನ ಚೆನ್ನಕೇಶವನಂತೆ, ಕಟ್ಟಡ ಎಎಸ್‌ಐ ಸಂರಕ್ಷಣೆಯಲ್ಲಿದ್ದು ಪೂಜೆಯ ಆಡಳಿತ ಬೇರೆಯವರ ಕೈಯಲ್ಲಿರುವ ಉದಾಹರಣೆಗಳೂ ಇವೆ. ಇವ್ಯಾವುದರ ಪಟ್ಟಿಗೂ ಸೇರದೆ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಚರಂಡಿಯ ಪಕ್ಕದಲ್ಲಿ ನಿಂತ ಕಲ್ಲುಗಳ ಸಂಖ್ಯೆಯೇ ದೊಡ್ಡದು. ಒಂದು ಕಡೆ ಇರುವ ನಿಯಮ ಮತ್ತೊಂದು ಕಡೆ ಇರುವುದಿಲ್ಲ. ಬಾಗಿಲಲ್ಲಿ ನಿಂತ ಪ್ರವಾಸಿಗೆ ಇದು ಗೊತ್ತಿರುವುದಿಲ್ಲ, ಎಷ್ಟೋ ಸಲ ಬಾಗಿಲು ಕಾಯುವವನಿಗೂ ಗೊತ್ತಿರುವುದಿಲ್ಲ.

ಹೆಸರಾಂತ ತಾಣಗಳಲ್ಲಿ ತೊಂದರೆ ಕಡಿಮೆ. 2018ರಲ್ಲಿ ಪರಿಷ್ಕರಿಸಿದ ದರದಂತೆ ಹಂಪಿ, ಪಟ್ಟದಕಲ್ಲಿನಂಥ ವಿಶ್ವ ಪರಂಪರೆಯ ತಾಣಗಳಿಗೆ ಭಾರತೀಯರಿಗೆ 40 ರೂಪಾಯಿ ಟಿಕೆಟ್, ಅದರ ಕೆಳಗಿನ ದರ್ಜೆಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಟಿಕೆಟ್ ಇದ್ದಲ್ಲಿ ಸಿಬ್ಬಂದಿ ಇರುತ್ತಾರೆ, ವೇಳೆ ಇರುತ್ತದೆ. ಆದರೆ ದೇಶದಲ್ಲಿ ಟಿಕೆಟ್ ಇರುವ ಕೇಂದ್ರ ಸ್ಮಾರಕಗಳು ಸುಮಾರು ನೂರೈವತ್ತು ಮಾತ್ರ. ಉಳಿದ ಸಾವಿರಾರು ಸ್ಮಾರಕಗಳಲ್ಲಿ ಪ್ರವೇಶ ಪುಕ್ಕಟೆ, ಆದರೆ ಬಾಗಿಲು ತೆರೆದಿದ್ದರೆ ಮಾತ್ರ.

ಅಂಥ ಸ್ಮಾರಕದ ಮುಂದೆ ಇಲಾಖೆಯ ಫಲಕವೊಂದು ಇದ್ದೇ ಇರುತ್ತದೆ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎಷ್ಟು ಶಿಕ್ಷೆ ಎಂಬುದು ಅದರಲ್ಲಿ ಬರೆದಿರುತ್ತದೆ. 2010ರ ತಿದ್ದುಪಡಿಯ ನಂತರ ಅದು ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸ್ಮಾರಕವನ್ನು ಪ್ರವೇಶಿಸಲು ನಿಮಗೆ ಹಕ್ಕಿದೆ, ಇಂಥ ಹೊತ್ತಿಗೆ ತೆರೆದಿರುತ್ತದೆ, ಬೀಗ ಹಾಕಿದ್ದರೆ ಈ ನಂಬರಿಗೆ ಫೋನ್ ಮಾಡಿ ಎಂದು ಹೇಳುವ ಫಲಕ ಅಪರೂಪ. ಕಾಯ್ದೆಯ ದಂಡನೆಯ ಭಾಗವನ್ನಷ್ಟೇ ಜನರಿಗೆ ಓದಿ ಹೇಳಿ, ಹಕ್ಕಿನ ಭಾಗವನ್ನು ಗೆಜೆಟ್ಟಿನಲ್ಲೇ ಬಿಟ್ಟಂತಾಗಿದೆ.

ಈಗ ಕಾವಲುಗಾರನ ಜಾಗದಲ್ಲಿ ನಿಂತು ನೋಡಿ. ಬಹಳ ಕಡೆ ಆತ ಗುತ್ತಿಗೆ ನೌಕರ. ಒಳಗೆ ಬಿಟ್ಟ ಮೇಲೆ ಯಾರೋ ಗೋಡೆಯ ಮೇಲೆ ಹೆಸರು ಕೆತ್ತಿದರೆ ಅವನ ಕೆಲಸಕ್ಕೆ ಕುತ್ತು. ಒಳಗೆ ಬಿಡದೆ ಹತ್ತು ಜನರನ್ನು ವಾಪಸು ಕಳಿಸಿದರೆ ಅವನನ್ನು ಯಾರೂ ಕೇಳುವುದಿಲ್ಲ. ಅವನ ಮೇಲಿನ ಅಧಿಕಾರಿಯ ಲೆಕ್ಕಾಚಾರವೂ ಇದೇ, ಅವರ ಮೇಲಿನವರದೂ ಇದೇ. ‘ಆಗಲಿ’ ಎಂದವನು ಅಪಾಯ ಮೈಮೇಲೆ ಎಳೆದುಕೊಳ್ಳುತ್ತಾನೆ, ‘ಇಲ್ಲ’ ಎಂದವನು ಸುರಕ್ಷಿತ. ಇಂಥ ಏರ್ಪಾಟಿನಲ್ಲಿ ಒಳ್ಳೆಯ ಮನುಷ್ಯನ ಬಾಯಲ್ಲೂ ‘ಇಲ್ಲ’ ಎಂಬುದೇ ಮೊದಲು ಬರುವುದು ಸಹಜ.

ಕ್ಯಾಮೆರಾ, ನೀರು, ಸೀಮೆಸುಣ್ಣ

ಅತಿ ಹೆಚ್ಚು ಜಗಳ ನಡೆಯುವುದು ಫೋಟೊದ ವಿಷಯಕ್ಕೆ. ಇಲ್ಲಿ ನಿಯಮ ನಾವಂದುಕೊಂಡದ್ದಕ್ಕಿಂತ ಉದಾರವಾಗಿದೆ. 2018ರ ಜುಲೈನಲ್ಲಿ ಎಎಸ್‌ಐ ತನ್ನ ಕೇಂದ್ರ ಕಚೇರಿಯ ಹೊಸ ಕಟ್ಟಡ ಉದ್ಘಾಟನೆಯಾದ ದಿನವೇ, ಸ್ಮಾರಕಗಳ ಆವರಣದಲ್ಲಿ ಛಾಯಾಚಿತ್ರಣಕ್ಕೆ ಅವಕಾಶವಿದೆ ಎಂದು ಪ್ರಕಟಿಸಿತು. ಅಜಂತಾ ಗುಹೆಗಳು, ಲೇಹ್ ಅರಮನೆ ಮತ್ತು ತಾಜ್ ಮಹಲಿನ ಮುಖ್ಯ ಗೋರಿಯ ಭಾಗವನ್ನು ಮಾತ್ರ ಹೊರಗಿಟ್ಟಿತು. ಅದಕ್ಕೂ ಎಷ್ಟೋ ಮೊದಲೇ 1959ರ ನಿಯಮಗಳು ಸಾಮಾನ್ಯ ಸ್ಮಾರಕಗಳ ಚಿತ್ರ ಬರೆದುಕೊಳ್ಳಲು, ಕೈಯಲ್ಲಿ ಹಿಡಿದ ಕ್ಯಾಮೆರಾದಲ್ಲಿ ಫೋಟೊ ತೆಗೆದುಕೊಳ್ಳಲು ಅವಕಾಶ ಕೊಟ್ಟಿದ್ದವು. ಟ್ರೈಪಾಡ್, ಕುರ್ಚಿ, ದೊಡ್ಡ ಛತ್ರಿ, ವಿಶೇಷ ದೀಪ ಒಳಗೆ ತರಬೇಕಾದರೆ ಮಾತ್ರ ಲಿಖಿತ ಅನುಮತಿ ಬೇಕು. ಸಿನಿಮಾ ಚಿತ್ರೀಕರಣಕ್ಕೆ ಲೈಸೆನ್ಸ್ ಬೇಕು.

ಅದೇ ನಿಯಮಗಳು ಇನ್ನೊಂದು ಮಾತು ಹೇಳುತ್ತವೆ. ಅನುಮತಿಯಿಲ್ಲದೆ ಸ್ಮಾರಕದ ಮೇಲೆ ನೀರು, ಎಣ್ಣೆ, ಜಿಡ್ಡು ಅಥವಾ ಅಚ್ಚು ತೆಗೆಯುವ ಯಾವುದೇ ವಸ್ತುವನ್ನು ಹಚ್ಚುವಂತಿಲ್ಲ. ಇದು ನಮ್ಮ ಅನೇಕ ಶಾಸನಪ್ರೇಮಿಗಳಿಗೆ ತಿಳಿದಿರಬೇಕಾದ ಸಂಗತಿ. ಸವೆದ ಅಕ್ಷರ ಕಾಣಲೆಂದು ಸೀಮೆಸುಣ್ಣ ಉಜ್ಜುವುದು, ಮೈದಾ ಹಿಟ್ಟು ಸವರುವುದು, ಬ್ರಷ್ಷಿನಿಂದ ತಿಕ್ಕುವುದು ಒಳ್ಳೆಯ ಉದ್ದೇಶದಿಂದಲೇ ನಡೆಯುತ್ತದೆ. ಆದರೆ ಸಾವಿರ ವರ್ಷ ಮಳೆ ಬಿಸಿಲು ತಡೆದ ಕಲ್ಲಿನ ಮೇಲ್ಪದರಕ್ಕೆ ಅದರಿಂದ ಪೆಟ್ಟು. ಬಣ್ಣದ ಭಿತ್ತಿಚಿತ್ರಗಳ ಸ್ಥಿತಿ ಇನ್ನೂ ನಾಜೂಕು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಗಳನ್ನು ನೋಡಿದವರಿಗೆ ಬೆಳಕು, ತೇವ, ಸಾವಿರಾರು ಜನರ ಉಸಿರು ಇವೆಲ್ಲ ಅಲ್ಲಿ ಶತ್ರುಗಳೇ ಎಂಬುದು ಅರ್ಥವಾಗುತ್ತದೆ.

ಹಾಗಾಗಿ ನಿರ್ಬಂಧವೇ ಬೇಡ ಎನ್ನುವಂತಿಲ್ಲ. ಒಳ್ಳೆಯ ನಿರ್ಬಂಧಕ್ಕೆ ಮೂರು ಲಕ್ಷಣಗಳಿರಬೇಕು. ಅದರ ಕಾರಣ ಹೇಳಲು ಬರಬೇಕು, ಕಾರಣವಿರುವ ಜಾಗಕ್ಕಷ್ಟೇ ಅದು ಅನ್ವಯಿಸಬೇಕು, ಎಲ್ಲರಿಗೂ ಒಂದೇ ಆಗಿರಬೇಕು. ಭಿತ್ತಿಚಿತ್ರಕ್ಕೆ ಫ್ಲಾಷ್ ಬೇಡ ಎಂಬುದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಬಯಲಿನಲ್ಲಿ ಮಳೆಗೆ ನೆನೆಯುತ್ತಿರುವ ಕಲ್ಲುಕಂಬದ ಫೋಟೊ ಮೊಬೈಲಿನಲ್ಲಿ ತೆಗೆಯಬೇಡಿ ಎಂಬುದು ಪಾಸಾಗುವುದಿಲ್ಲ. ಮದುವೆ ಜೋಡಿಯ ಫೋಟೊ ಶೂಟಿಗೆ ಕಣ್ಣು ಮುಚ್ಚಿಕೊಂಡು, ನೋಟ್‌ಬುಕ್ ಹಿಡಿದು ಬಂದ ಕಾಲೇಜು ಹುಡುಗಿಯನ್ನು ತಡೆಯುವುದಂತೂ ನಿಯಮವೇ ಅಲ್ಲ.

ಕಲ್ಲಿನಿಂದ ಕಾಗದಕ್ಕೆ

ಪರಂಪರೆಯ ದಾಖಲೆಗಳ ವಿಷಯದಲ್ಲಿ ಕನ್ನಡನಾಡಿಗೆ ಹೆಮ್ಮೆಪಡುವಂಥ ಹಿನ್ನೆಲೆಯಿದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ 1886ರಿಂದ 1905ರವರೆಗೆ 12 ಸಂಪುಟಗಳಲ್ಲಿ ಹೊರಬಂತು. ಸುಮಾರು 9,000 ಶಾಸನಗಳ ಪಾಠ ಅಲ್ಲಿ ಅಚ್ಚಾಯಿತು. ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಇದ್ದವು. ಕಲ್ಲಿನ ಹತ್ತಿರ ಹೋಗಲಾಗದವನೂ ಗ್ರಂಥಾಲಯದಲ್ಲಿ ಕುಳಿತು ತನ್ನ ಊರಿನ ಶಾಸನ ಓದಬಹುದಾಯಿತು. ಇಷ್ಟೇ ಮುಖ್ಯವಾದ ಇನ್ನೊಂದು ಘಟನೆ 1905ರದು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಗರಿಯನ್ನು ಜೋಪಾನ ಮಾಡಿ ಬೀರುವಿನಲ್ಲಿ ಇಟ್ಟರೆ ಸಾಕು ಎಂದು ಅವರು ಅಂದುಕೊಳ್ಳಲಿಲ್ಲ. ಓದುಗರಿಗೆ ತಲುಪಿಸುವುದೂ ಜೋಪಾನದ ಭಾಗವೇ ಎಂಬುದು ಆ ತಲೆಮಾರಿನ ತಿಳಿವಳಿಕೆಯಾಗಿತ್ತು.

ರೈಸ್ ಅವರ ಬೆಂಗಳೂರು ಸಂಪುಟ ನೂರು ವರ್ಷಗಳ ನಂತರವೂ ಹೇಗೆ ಕೆಲಸಕ್ಕೆ ಬಂತು ನೋಡಿ. ಬೆಂಗಳೂರಿನ ಹವ್ಯಾಸಿಗಳು ಅದನ್ನು ಹಿಡಿದು ಬಡಾವಣೆ ಬಡಾವಣೆಯಲ್ಲಿ ಕಲ್ಲುಗಳನ್ನು ಹುಡುಕಿದರು. ಕೆಲವು ಸಿಕ್ಕವು, ಅನೇಕವು ಕಟ್ಟಡಗಳ ಅಡಿಯಲ್ಲಿ ಅಳಿದುಹೋಗಿದ್ದವು. ಪಟ್ಟಿಯಲ್ಲಿ ಇಲ್ಲದವೂ ಕಣ್ಣಿಗೆ ಬಿದ್ದವು. ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲು ಅಂಥದ್ದು. ಗಂಗರ ಶ್ರೀಪುರುಷನ ಕಾಲದ, 8ನೇ ಶತಮಾನದ ಕಲ್ಲು ಅದು. ಬೆಂಗಳೂರಿನ ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿ ಈಗ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಸ್ಕ್ಯಾನಿಂಗಿಗೆ ಸೀಮೆಸುಣ್ಣವೂ ಬೇಡ, ಮೈದಾವೂ ಬೇಡ. ಬರಿಗಣ್ಣಿಗೆ ಕಾಣದ ಅಕ್ಷರವೂ ಪರದೆಯ ಮೇಲೆ ಕಾಣುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಸ್ಥಿತಿ ಪಡಿಯಚ್ಚುಗಳದು. ಶಾಸನದ ಮೇಲೆ ಒದ್ದೆ ಕಾಗದ ಒತ್ತಿ, ಮಸಿ ಹಚ್ಚಿ ತೆಗೆದ ಪ್ರತಿಗೆ ಪಡಿಯಚ್ಚು ಎನ್ನುತ್ತಾರೆ. 1880ರ ದಶಕದಿಂದ ಸಂಗ್ರಹಿಸಿದ ಹಲವಾರು ಸಾವಿರ ಪಡಿಯಚ್ಚುಗಳು ಎಎಸ್‌ಐನ ಶಾಸನ ವಿಭಾಗದಲ್ಲಿವೆ. ಊಟಿಯಲ್ಲಿದ್ದ ಆ ಕಚೇರಿ 1960ರ ದಶಕದಲ್ಲಿ ಮೈಸೂರಿಗೆ ಬಂತು. ಮೂಲ ಕಲ್ಲು ಒಡೆದೋ ಕಳೆದೋ ಹೋಗಿರುವ ಕಡೆ ಈ ಕಾಗದವೇ ಉಳಿದಿರುವ ಏಕೈಕ ಸಾಕ್ಷಿ. ವಾರ್ಷಿಕ ವರದಿಯಲ್ಲಿ ಪ್ರತಿ ಶಾಸನದ ಬಗ್ಗೆ ನಾಲ್ಕಾರು ಸಾಲಿನ ಸಾರಾಂಶ ಬರುತ್ತದೆ. ಪೂರ್ಣ ಪಾಠ ಅಚ್ಚಾಗಲು ದಶಕಗಳೇ ಹಿಡಿದ ಉದಾಹರಣೆಗಳಿವೆ.

2021ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ, ಮೈಸೂರಿನಲ್ಲಿದ್ದ ತಮಿಳು ಶಾಸನಗಳ ಪಡಿಯಚ್ಚುಗಳನ್ನು ಚೆನ್ನೈಗೆ ಸಾಗಿಸುವಂತೆ ಆದೇಶಿಸಿತು. ಎರಡೂ ರಾಜ್ಯಗಳಲ್ಲಿ ಅನೇಕರು ಇದನ್ನು ಭಾಷೆಯ ಜಗಳವೆಂದೇ ಓದಿಕೊಂಡರು. ಅದರ ಒಳಗಿದ್ದ ಪ್ರಶ್ನೆ ಬೇರೆ. ಆ ಹಾಳೆಗಳೆಲ್ಲ ಮೊದಲೇ ಒಳ್ಳೆಯ ಗುಣಮಟ್ಟದಲ್ಲಿ ಸ್ಕ್ಯಾನ್ ಆಗಿ, ತಂಜಾವೂರಿನ ವಿದ್ಯಾರ್ಥಿಗೂ ತುಮಕೂರಿನ ಮೇಷ್ಟರಿಗೂ ಮನೆಯಲ್ಲೇ ಕಾಣುವಂತಿದ್ದರೆ, ಮೂಲ ಕಾಗದ ಯಾವ ಊರಿನ ಕಪಾಟಿನಲ್ಲಿದೆ ಎಂಬುದಕ್ಕೆ ಇಷ್ಟು ಬಿಸಿ ಏರುತ್ತಿರಲಿಲ್ಲ. ನೋಡಲು ಸಿಗದ ವಸ್ತುವಿನ ಮೇಲೆಯೇ ಒಡೆತನದ ವ್ಯಾಜ್ಯ ಬಲವಾಗುತ್ತದೆ.

ಮೂರು ಕಾಯ್ದೆ, ಮೂರು ಬಗೆಯ ನಾಗರಿಕ

ಸರ್ಕಾರಿ ಕಡತಗಳ ಲೋಕಕ್ಕೆ ಬಂದರೆ ಬೇರೆಯೇ ಕಾಯ್ದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, 30 ವರ್ಷ ದಾಟಿದ, ಗೋಪ್ಯವಲ್ಲದ, ಪತ್ರಾಗಾರಕ್ಕೆ ವರ್ಗವಾದ ದಾಖಲೆಗಳನ್ನು ಪ್ರಾಮಾಣಿಕ ಸಂಶೋಧಕರಿಗೆ ಒದಗಿಸಬಹುದು. 1958ರ ಕಾಯ್ದೆಯಲ್ಲಿ ಸ್ಮಾರಕದ ಬಾಗಿಲಿಗೆ ಸಾರ್ವಜನಿಕರು ಹಕ್ಕಿನಿಂದ ಬಂದರೆ, ಇಲ್ಲಿ ಕಡತದ ಬಾಗಿಲಿಗೆ ಸಂಶೋಧಕ ಮಾತ್ರ ಬರುತ್ತಾನೆ, ಅವನಿಗೂ ಕೊಡಲೇಬೇಕೆಂದಿಲ್ಲ. ತಾತನ ಇನಾಂ ಜಮೀನಿನ ಕಥೆ ತಿಳಿಯಬೇಕೆಂದಿರುವ ರೈತ, ಊರ ಇತಿಹಾಸ ಬರೆಯುತ್ತಿರುವ ನಿವೃತ್ತ ಶಿಕ್ಷಕಿ, ಯಾವ ವಿಶ್ವವಿದ್ಯಾಲಯಕ್ಕೂ ಸೇರದ ಹವ್ಯಾಸಿ ಇವರೆಲ್ಲ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಈ ಸೆಕ್ಷನ್ನಿನಲ್ಲಿ ಉತ್ತರವಿಲ್ಲ.

ದಾಖಲೆ ಪತ್ರಾಗಾರವನ್ನು ತಲುಪಿದರೆ ತಾನೇ ಓದುವ ಮಾತು? ಕೇಂದ್ರದ ಕಚೇರಿಗಳು 25 ವರ್ಷ ದಾಟಿದ, ಶಾಶ್ವತವಾಗಿ ಉಳಿಸಬೇಕಾದ ಕಡತಗಳನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ಕಳಿಸಬೇಕು. ಆದರೆ 1962, 1965, 1971ರ ಯುದ್ಧಗಳ ದಾಖಲೆಯಾಗಲಿ ಹಸಿರು ಕ್ರಾಂತಿಯ ದಾಖಲೆಯಾಗಲಿ ತಮ್ಮಲ್ಲಿಲ್ಲ ಎಂದು ರಾಷ್ಟ್ರೀಯ ಪತ್ರಾಗಾರದ ಆಗಿನ ಮಹಾನಿರ್ದೇಶಕರೇ 2022ರ ಡಿಸೆಂಬರಿನಲ್ಲಿ ಬಹಿರಂಗವಾಗಿ ಹೇಳಿದರು. ಒಟ್ಟು 151 ಸಚಿವಾಲಯ ಮತ್ತು ಇಲಾಖೆಗಳ ಪೈಕಿ 36ರ ದಾಖಲೆಗಳಷ್ಟೇ ಅಲ್ಲಿವೆ ಎಂಬುದು ಅವರು ಕೊಟ್ಟ ಲೆಕ್ಕ. ಕಡತವನ್ನು ನಾಶ ಮಾಡಿದವರಿಗೆ, ದೇಶದ ಹೊರಗೆ ಸಾಗಿಸಿದವರಿಗೆ 1993ರ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲು ಇದೆ. ಕೇಳಿದವರಿಗೆ ಸಕಾರಣವಿಲ್ಲದೆ ತೋರಿಸದೆ ಹೋದವರಿಗೆ ಏನೂ ಇಲ್ಲ. ಸ್ಮಾರಕದ ಕಾವಲುಗಾರನ ಲೆಕ್ಕಾಚಾರವೇ ಇಲ್ಲಿ ದಫ್ತರದ ಮಟ್ಟದಲ್ಲಿ ಪುನರಾವರ್ತನೆಯಾಗುತ್ತದೆ.

ಮೂರನೆಯದು 2005ರ ಮಾಹಿತಿ ಹಕ್ಕು ಕಾಯ್ದೆ. ಮೊದಲ ಎರಡು ಕಾಯ್ದೆಗಳಲ್ಲಿ ಇಲ್ಲದ ಒಂದು ಗುಣ ಇದಕ್ಕಿದೆ. ಇಲ್ಲಿ ‘ಇಲ್ಲ’ ಎನ್ನುವುದಕ್ಕೆ ಬೆಲೆ ತೆರಬೇಕು. ಸಮಂಜಸ ಕಾರಣವಿಲ್ಲದೆ ಮಾಹಿತಿ ನಿರಾಕರಿಸಿದ ಅಥವಾ ತಡಮಾಡಿದ ಅಧಿಕಾರಿಗೆ 20ನೇ ಸೆಕ್ಷನ್ ಪ್ರಕಾರ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ಬೀಳಬಹುದು. ಯಾಕೆ ಬೇಕು ಎಂದು ಅರ್ಜಿದಾರನನ್ನು ಕೇಳುವಂತಿಲ್ಲ. ಉತ್ತರಕ್ಕೆ 30 ದಿನಗಳ ಗಡುವು. ನಿರಾಕರಿಸಿದರೆ ಕಾರಣವನ್ನೂ ಮೇಲ್ಮನವಿ ಯಾರಿಗೆ ಎಂಬುದನ್ನೂ ಬರೆದುಕೊಡಬೇಕು. 20 ವರ್ಷಕ್ಕಿಂತ ಹಿಂದಿನ ಘಟನೆಗಳ ಮಾಹಿತಿಯನ್ನು ದೇಶದ ಭದ್ರತೆ, ಶಾಸನಸಭೆಯ ಹಕ್ಕುಬಾಧ್ಯತೆ, ಸಚಿವ ಸಂಪುಟದ ಕಡತ ಎಂಬ ಮೂರು ಕಾರಣಗಳಿಗಲ್ಲದೆ ಬೇರೆ ವಿನಾಯಿತಿಯ ನೆಪದಲ್ಲಿ ತಡೆಯುವಂತಿಲ್ಲ ಎಂದು 8(3)ನೇ ಸೆಕ್ಷನ್ ಹೇಳುತ್ತದೆ. ಒಂದೇ ದೇಶದಲ್ಲಿ ಒಬ್ಬನೇ ಮನುಷ್ಯ ಒಂದು ಕಾಯ್ದೆಗೆ ಸಂದರ್ಶಕ, ಇನ್ನೊಂದಕ್ಕೆ ಪತ್ರ ತರಬೇಕಾದ ಸಂಶೋಧಕ, ಮತ್ತೊಂದಕ್ಕೆ ಕಾರಣ ಹೇಳಬೇಕಿಲ್ಲದ ನಾಗರಿಕ.

ಮುಚ್ಚಿಟ್ಟದ್ದು ಉಳಿಯುತ್ತದೆಯೇ?

ಜನರನ್ನು ದೂರವಿಟ್ಟರೆ ಸ್ಮಾರಕ ಸುರಕ್ಷಿತ ಎಂಬ ನಂಬಿಕೆ ಇಲಾಖೆಗಳಲ್ಲಿ ಆಳವಾಗಿದೆ. ಅಂಕಿಅಂಶ ಅದನ್ನು ಬೆಂಬಲಿಸುವುದಿಲ್ಲ. ಸಿಎಜಿ 2013ರಲ್ಲಿ ಕೊಟ್ಟ ವರದಿಯಂತೆ, ಸ್ಥಳಕ್ಕೇ ಹೋಗಿ ಪರಿಶೀಲಿಸಿದ 1,655 ಕೇಂದ್ರ ಸ್ಮಾರಕಗಳಲ್ಲಿ 92 ಕಾಣಲೇ ಇಲ್ಲ. ಮುಂದೆ ಸಂಸತ್ತಿನ ಸಮಿತಿಯ ಮುಂದೆ ಬಂದ ವಿವರದಲ್ಲಿ ಕೆಲವು ಪತ್ತೆಯಾಗಿದ್ದವು. ಸಿಗದ 50ರಲ್ಲಿ 14 ನಗರಗಳ ಬೆಳವಣಿಗೆಗೆ ಆಹುತಿ, 12 ಅಣೆಕಟ್ಟೆಗಳ ನೀರಿನಡಿ, 24ಕ್ಕೆ ವಿಳಾಸವೇ ಇಲ್ಲ. ಆಗ ಇದ್ದ 3,693 ಸ್ಮಾರಕಗಳ ಪೈಕಿ ಭದ್ರತಾ ಸಿಬ್ಬಂದಿ ಇದ್ದದ್ದು 248ರಲ್ಲಿ. ಕಳೆದುಹೋದವು ಪ್ರವಾಸಿಗರು ಮುತ್ತಿಕೊಳ್ಳುವ ತಾಣಗಳಲ್ಲ. ಹರಿಯಾಣದಲ್ಲಿ ಹಳೆಯ ಹೆದ್ದಾರಿಯ ದೂರ ತೋರುತ್ತಿದ್ದ ಕೋಸ್ ಮಿನಾರುಗಳು, ಅಸ್ಸಾಮಿನ ತಿನ್‌ಸುಕಿಯಾದಲ್ಲಿದ್ದ ಶೇರ್ ಷಾನ ಫಿರಂಗಿಗಳಂಥವು. ಯಾರೂ ನೋಡಲು ಹೋಗದಿದ್ದುದರಿಂದ ಅವು ಇಲ್ಲವಾದದ್ದು ಯಾರ ಗಮನಕ್ಕೂ ಬರಲಿಲ್ಲ. ಪ್ರತಿ ಸ್ಮಾರಕಕ್ಕೂ ಕಾವಲು ಹಾಕುವಷ್ಟು ಜನ ಇಲಾಖೆಯಲ್ಲಿ ಎಂದೂ ಇರುವುದಿಲ್ಲ. ಬಂದು ಹೋಗುವ ಜನರ ಕಣ್ಣೇ ಅಗ್ಗದ, ದಣಿವಿಲ್ಲದ ಕಾವಲು.

ಸ್ಮಾರಕದ ಪಕ್ಕದಲ್ಲೇ ಬದುಕುವವರ ಕಷ್ಟ ಪ್ರವಾಸಿಯ ಕಷ್ಟಕ್ಕಿಂತ ದೊಡ್ಡದು. 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಕಡ್ಡಾಯ. ಹಳೆಯ ಮನೆಯ ದುರಸ್ತಿಗೆ ಅವಕಾಶವಿದೆ, ಆದರೆ ಅದಕ್ಕೂ ಅರ್ಜಿ ಹಾಕಿ ಕಾಯಬೇಕು. ಮಹಾನಗರದ ಮಧ್ಯದ ಕೋಟೆಗೂ ಹಳ್ಳಿಯ ಒಂಟಿ ಗುಡಿಗೂ ಅಳತೆ ಒಂದೇ. ಹಂಪಿಯಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಬಜಾರಿನಲ್ಲಿ ವಾಸವಿದ್ದವರನ್ನು, ಅಂಗಡಿಯವರನ್ನು 2011ರ ಜುಲೈನಲ್ಲಿ ತೆರವು ಮಾಡಿದ್ದು ನೆನಪಿರಬಹುದು. ಮಂಟಪಗಳ ಮೇಲಿನ ಒತ್ತುವರಿ ನಿಜವೇ ಆಗಿತ್ತು. ಆದರೆ ಇಂಥ ಸುದ್ದಿ ಕೇಳಿದ ಊರಿನವರು ತಮ್ಮ ಹೊಲದಲ್ಲಿ ಶಾಸನದ ಕಲ್ಲು ಎದ್ದರೆ ಏನು ಮಾಡುತ್ತಾರೆ? ಇಲಾಖೆಗೆ ತಿಳಿಸಿದರೆ ಜಮೀನೇ ಹೋದೀತು ಎಂದು ಮತ್ತೆ ಮಣ್ಣು ಮುಚ್ಚುತ್ತಾರೆ. ಆ ಭಯದಲ್ಲಿ ಮಣ್ಣಾಗುವ ಇತಿಹಾಸಕ್ಕೆ ಯಾವ ಸಿಎಜಿ ಲೆಕ್ಕವೂ ಇಲ್ಲ.

ಏನಾಗಬೇಕು?

ಹೊಸ ಇಲಾಖೆ, ಹೊಸ ಪ್ರಾಧಿಕಾರ ಬೇಕಿಲ್ಲ. ಪ್ರತಿ ಸ್ಮಾರಕದ ಫಲಕದಲ್ಲಿ ಶಿಕ್ಷೆಯ ಜೊತೆಗೆ ಪ್ರವೇಶದ ಹಕ್ಕು, ತೆರೆದಿರುವ ಹೊತ್ತು, ಫೋಟೊ ನಿಯಮ, ಬೀಗದ ಕೈ ಇರುವವರ ಹುದ್ದೆ ಮತ್ತು ಫೋನ್ ನಂಬರು ಕನ್ನಡದಲ್ಲಿ ಇರಬೇಕು. ಇದಕ್ಕೆ ಬೇಕಾದದ್ದು ಒಬ್ಬ ಪೇಂಟರ್. ಪ್ರವೇಶವನ್ನಾಗಲಿ ದಾಖಲೆಯನ್ನಾಗಲಿ ನಿರಾಕರಿಸುವ ಅಧಿಕಾರಿ ಯಾವ ನಿಯಮದಡಿ ಎಂಬುದನ್ನು ಬರೆದು ಸಹಿ ಮಾಡಿಕೊಡಬೇಕು. ಬಾಯಿಮಾತಿನ ‘ಇಲ್ಲ’ಗಳಲ್ಲಿ ಬಹುಪಾಲು ಪೆನ್ನು ಹಿಡಿದ ಕ್ಷಣವೇ ಕರಗಿಹೋಗುತ್ತವೆ. ಸಾರ್ವಜನಿಕರ ಹಣದಲ್ಲಿ ಸ್ಕ್ಯಾನ್ ಆದ ಪಡಿಯಚ್ಚು, ಓಲೆಗರಿ, ಕಡತ ಯಾವುದೇ ಇರಲಿ, ಬೇಡವೆನ್ನಲು ನಿರ್ದಿಷ್ಟ ಕಾರಣವಿಲ್ಲದಿದ್ದರೆ ತಾನಾಗಿಯೇ ಎಲ್ಲರಿಗೂ ಸಿಗಬೇಕು. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣ ಇಂಥ ದಾರಿ ಸಾಧ್ಯವೆಂದು ಆಗಲೇ ತೋರಿಸಿದೆ. ಕರ್ನಾಟಕ ರಾಜ್ಯ ಪತ್ರಾಗಾರದ ಬೆಂಗಳೂರು, ಮೈಸೂರು, ಧಾರವಾಡ, ಕಲಬುರಗಿ ಕಚೇರಿಗಳ ಸೂಚಿಗಳಾದರೂ ಕನ್ನಡದಲ್ಲಿ ಹುಡುಕಲು ಬರುವಂತಾದರೆ ಅರ್ಧ ಅಲೆದಾಟ ತಪ್ಪುತ್ತದೆ. ಹೊಲದಲ್ಲಿ ಕಲ್ಲು ಸಿಕ್ಕಿತೆಂದು ತಿಳಿಸಿದವನ ಜಮೀನಿಗೆ ತೊಂದರೆಯಿಲ್ಲ ಎಂಬ ಭರವಸೆ ಗ್ರಾಮ ಪಂಚಾಯಿತಿಯ ಮಟ್ಟದಲ್ಲೇ, ಬರಹದಲ್ಲೇ ಸಿಗಬೇಕು.

ಇವೆಲ್ಲ ಆಗುವವರೆಗೆ ಓದುಗರ ಕೈಯಲ್ಲೂ ಒಂದು ಉಪಾಯವಿದೆ. ನಿಮ್ಮೂರಿನ ಸ್ಮಾರಕಕ್ಕೆ ಸದಾ ಬೀಗವಿದ್ದರೆ ಬಾಗಿಲಲ್ಲಿ ಜಗಳ ಬೇಡ. ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕೇಂದ್ರದ ಸ್ಮಾರಕವಾದರೆ ಎಎಸ್‌ಐನ ಬೆಂಗಳೂರು, ಧಾರವಾಡ, ಹಂಪಿ ವೃತ್ತಗಳಲ್ಲಿ ಸಂಬಂಧಪಟ್ಟದ್ದಕ್ಕೆ, ಇಲ್ಲವಾದರೆ ರಾಜ್ಯ ಪುರಾತತ್ತ್ವ ಇಲಾಖೆಗೆ. ರಾಜ್ಯದ ಕಚೇರಿಗೆ ಬರೆಯುವಾಗ ಒಂದೇ ವಿಷಯಕ್ಕೆ ಅಂಟಿಕೊಂಡು 150 ಪದಗಳೊಳಗೆ ಮುಗಿಸಿ, ಇಲ್ಲಿನ ನಿಯಮ ಹಾಗಿದೆ. ಸ್ಮಾರಕ ತೆರೆದಿರಬೇಕಾದ ಹೊತ್ತು ಯಾವುದು, ಮುಚ್ಚಿಡಲು ಯಾವ ಆದೇಶವಿದೆ, ಆ ಆದೇಶದ ಪ್ರತಿ ಕೊಡಿ ಎಂಬ ಮೂರು ಪ್ರಶ್ನೆ ಸಾಕು. ಆದೇಶವಿದ್ದರೆ ಅದರ ಕಾರಣ ತಿಳಿಯುತ್ತದೆ, ಸರಿಯಾದ ಕಾರಣವಾಗಿದ್ದರೆ ಒಪ್ಪಿಕೊಳ್ಳೋಣ. ಆದೇಶವೇ ಇಲ್ಲದಿದ್ದರೆ ‘ಇಲ್ಲ’ ಎಂದು ಸಹಿ ಮಾಡಬೇಕಾದ ಸರದಿ ಇಲಾಖೆಯದು, ಆ ಸಹಿಯನ್ನು ಮುಂದಿಟ್ಟುಕೊಂಡು ಬಾಗಿಲು ತೆರೆಯಿರಿ ಎಂದು ಕೇಳುವ ಸರದಿ ಇಡೀ ಊರಿನದು.